ಅತ್ತೆಯ ತಲೆಯ ಮೇಲಿನ ಅಕ್ಷತೆ

ಕಳಸದ ಮೇಲಿದ್ದ ತೆಂಗಿನಕಾಯಿ ಉರುಳಿ ಚಪ್ಪರದ ಕಂಬಕ್ಕೆ ಬಡಿದದ್ದು ನನಗೆ ಚೆನ್ನಾಗಿ ನೆನಪಿದೆ. ಬಡಿದಾಗ ಆದ ಸದ್ದೂ ನೆನಪಿದೆ. ಅಕ್ಕನ ಮದುವೆಯ ಮಾತು ಬಂದಾಗೆಲ್ಲ ಇದನ್ನು ಹೇಳಿಕೊಂಡು ಬಂದಿದ್ದೇನೆ, ಮನೆಯವರೂ ಹೌದು ಹೌದು ಎಂದು ತಲೆಯಾಡಿಸಿದ್ದಾರೆ. ಆದರೆ ಅಕ್ಕನ ಮದುವೆಯ ವಿಡಿಯೊದಲ್ಲಿ ತೆಂಗಿನಕಾಯಿ ಉರುಳುವುದಿಲ್ಲ. ಮೊದಲಿನಿಂದ ಕೊನೆಯವರೆಗೂ ಅದು ಕಳಸದ ಮೇಲೆಯೇ ಕೂತಿದೆ. ಉರುಳಿದ್ದು ಬೇರೆ ಯಾರದೋ ಮದುವೆಯಲ್ಲಿ ಇರಬೇಕು. ಅಥವಾ ಎಲ್ಲೂ ಉರುಳಿಲ್ಲ.

ಇಲ್ಲಿಂದ ಶುರು ಮಾಡಿದ್ದು ಸರಿಯಾಗಲಿಲ್ಲ. ನಾನು ಮನೆಯಲ್ಲಿ ವಿಡಿಯೊ ಜೋಡಿಸಲು ಬಳಸುವ ತಂತ್ರಾಂಶದಲ್ಲಿ ಪ್ರತಿ ಕ್ಲಿಪ್ಪಿನ ಎರಡು ತುದಿಗೂ ಒಂದೊಂದು ಹಿಡಿ ಇರುತ್ತದೆ. ಹಿಡಿಯನ್ನು ಒಳಕ್ಕೆ ತಳ್ಳಿದರೆ ಕ್ಲಿಪ್ಪು ಕುಗ್ಗುತ್ತದೆ, ಹೊರಕ್ಕೆ ಎಳೆದರೆ ಕತ್ತರಿಸಿದ್ದೆಲ್ಲ ಮತ್ತೆ ಕಾಣುತ್ತದೆ. ಸೇವ್ ಮಾಡುವವರೆಗೂ ಯಾವುದೂ ಹೋಗಿರುವುದಿಲ್ಲ, ಅಡಗಿರುತ್ತದೆ ಅಷ್ಟೆ. ಬರೆಯುವುದರಲ್ಲೂ ಅದೇ ಕೆಲಸ ಮಾಡುತ್ತೇನೆ, ಆದರೆ ಅಲ್ಲಿ ಹಿಡಿ ಕಣ್ಣಿಗೆ ಕಾಣುವುದಿಲ್ಲ. ಈಗ ಎಡಗಡೆಯ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತೇನೆ.

ಕಳೆದ ಮಾಗಿಯಲ್ಲಿ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಕಡೆ. ಮದುವೆ ಮಾತ್ರ ಹುಣಸೂರಿನ ಕಲ್ಯಾಣಮಂಟಪದಲ್ಲಿ. ಆರತಕ್ಷತೆಯ ದಿನ ದೊಡ್ಡ ಪರದೆಯ ಮೇಲೆ ಮನೆಯವರ ಹಳೆಯ ವಿಡಿಯೊಗಳ ತುಣುಕು ಹಾಕಬೇಕು ಅಂತ ಅಕ್ಕನ ಆಸೆ. ನನಗೆ ಕತ್ತರಿಸಿ ಜೋಡಿಸುವುದು ಬರುತ್ತದೆ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದರಿಂದ ಕೆಲಸ ನನಗೆ ಬಂತು. ಅಕ್ಕನ ಸ್ವಂತ ಮದುವೆಯ ಕ್ಯಾಸೆಟ್ಟು ಬೂಷ್ಟು ಹಿಡಿಯುವ ಮುಂಚೆಯೇ ಸಿ.ಡಿ. ಆಗಿ, ಸಿ.ಡಿ. ಗೀರು ಬೀಳುವ ಮುಂಚೆ ಪೆನ್‌ಡ್ರೈವ್ ಸೇರಿ ಹೇಗೋ ಉಳಿದಿತ್ತು. ಅದನ್ನು ನನ್ನ ಕೈಗೆ ಕೊಟ್ಟು ಅಕ್ಕ ಅಂದಳು: "ನೋಡ್ಕಂಡು ಮಾಡು. ಅತ್ತೆ ಇರೋದೆಲ್ಲ ಇರ್ಲಿ. ಅವ್ರು ಬರಂಗೆ ಮಾಡು."

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಪಿರಿಯಾಪಟ್ಟಣ ದಾಟಿ ಕೊಪ್ಪದ ಹತ್ತಿರ ಇರುವ ಊರಿಗೆ ಕೊಟ್ಟಿದ್ದು. ಅಕ್ಕನ ಮದುವೆಯ ದಿನ ಗಾವಡಗೆರೆಯ ಪಕ್ಕದ ನಮ್ಮ ಮನೆಯಿಂದ ಕಾಲು ಕಿತ್ತವಳು ಮತ್ತೆ ನಮ್ಮ ಹೊಸ್ತಿಲು ತುಳಿದಿಲ್ಲ. ಅಪ್ಪ ಸತ್ತಾಗ ಬಂದಳು, ಅಂಗಳದಲ್ಲೇ ನಿಂತು ಎದೆ ಬಡಿದುಕೊಂಡು ಅತ್ತಳು, ಯಾರೋ ಕೊಟ್ಟ ನೀರಿನ ಚೊಂಬನ್ನು ಮುಟ್ಟದೆ ಬಸ್ಸಿಗೆ ಹೋದಳು. ಅವ್ವ ಆಮೇಲಿಂದ ಒಂದೇ ಮಾತು ಹೇಳುತ್ತಿದ್ದಳು. "ಅವ್ಳು ಒಂದ್ ದಪ ಒಳೀಕೆ ಬಂದು ಕುಂತು ನೀರು ಕುಡಿಬೇಕು ಕಣವ್ವ. ನಾನು ಸಾಯೋದ್ರೊಳಗೆ."

ಜಗಳ ಕಳಸದ್ದು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಪಕ್ಕ ಕಳಸ ಹಿಡಿದು ನಿಲ್ಲುವ ಹೆಂಗಸಿಗೆ ಕಳಸಗಿತ್ತಿ ಅನ್ನುತ್ತಾರೆ. ಹೆಣ್ಣು ಕೂತರೆ ಅವಳು ಕೂರಬೇಕು, ಎದ್ದರೆ ಏಳಬೇಕು. ನಮ್ಮ ಮನೆತನದಲ್ಲಿ ಅದು ಸೋದರತ್ತೆಗೆ ಸೇರಿದ್ದು. ಅಕ್ಕನ ಮದುವೆಯಲ್ಲಿ ಅತ್ತೆ ಕಳಸ ಹಿಡಿದಳು. ಧಾರೆಗೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಕಳಸ ಅವಳ ಕೈಯಿಂದ ಅವ್ವನ ತಂಗಿಯ ಕೈಗೆ ಹೋಯಿತು. ಹೇಗೆ ಹೋಯಿತು ಎಂಬುದಕ್ಕೆ ಎರಡು ಕಥೆ ಇವೆ. ಅತ್ತೆಗೆ ಆಗ ಮಕ್ಕಳಿರಲಿಲ್ಲ. "ಮಡಿಲು ತುಂಬ್ದೆ ಇರೋಳ ಕೈಗೆ ಕಳಸ ಯಾಕೆ" ಅಂತ ನಮ್ಮವ್ವ ಎಲ್ಲರೆದುರು ಅಂದಳು, ಅವಳ ತಂಗಿ ಬಂದು ಕಳಸ ಕಿತ್ತುಕೊಂಡಳು ಎಂಬುದು ಅತ್ತೆಯ ಕಥೆ. ತಾನು ತುಟಿ ಪಿಟಕ್ ಅನ್ನಲಿಲ್ಲ, ಅತ್ತೆಯೇ ಯಾವುದೋ ಮಾತಿಗೆ ಸಿಟ್ಟು ಮಾಡಿಕೊಂಡು ಅಕ್ಕಿಯ ತಟ್ಟೆಯ ಮೇಲೆ ಕಳಸ ಇಟ್ಟು ಎದ್ದಳು ಎಂಬುದು ಅವ್ವನ ಕಥೆ. ಒಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಅತ್ತೆ ಅವತ್ತು ಉಣ್ಣದೆ ಹೋದಳು. ಕಳಸ ಕಿತ್ತುಕೊಂಡಳು ಎನ್ನಲಾದ ಚಿಕ್ಕಮ್ಮ ಈಗ ಇಲ್ಲ. ಇರುವುದು ಇಬ್ಬರು ಹೆಂಗಸರು ಮತ್ತು ಒಂದು ವಿಡಿಯೊ.

ಅಕ್ಕ ಮದುವೆಗೆ ಕರೆಯಲು ಫೋನ್ ಮಾಡಿದಾಗ ಅತ್ತೆ ನೇರವಾಗಿ ಹೇಳಿದಳಂತೆ: "ನಿಮ್ಮವ್ವ ಅಂದ ಮಾತು ಆ ವಿಡಿಯಾದಲ್ಲಿ ಬಿದ್ದೈತೆ. ತಂದು ತೋರ್ಸಿ. ಅಂದಿಲ್ಲ ಅಂತ ತೋರ್ಸುದ್ರೆ ಮದ್ವೆಗೂ ಬತ್ತೀನಿ, ಮನೆಗೂ ಬತ್ತೀನಿ. ಇಲ್ದಿದ್ರೆ ಪೋನ್ ಮಾಡ್ಬ್ಯಾಡಿ."

ಭಾನುವಾರ ಮಧ್ಯಾಹ್ನ ಹುಣಸೂರಿನ ನನ್ನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಮೊದಲೇ ಗೊತ್ತಿರಬೇಕಾದದ್ದು ಎರಡೇ ನಿಮಿಷದಲ್ಲಿ ಗೊತ್ತಾಯಿತು. ವಿಡಿಯೊದಲ್ಲಿ ಮಾತೇ ಇಲ್ಲ. ಆ ಕಾಲದ ಮದುವೆ ವಿಡಿಯೊಗಳೆಲ್ಲ ಹಾಗೆಯೇ. ಸ್ಟುಡಿಯೊದವರು ಜನರ ಸದ್ದನ್ನು ಪೂರ್ತಿ ತೆಗೆದು ಮೇಲೆ ಸಿನಿಮಾ ಹಾಡು ಕೂರಿಸಿ ಕೊಡುತ್ತಿದ್ದರು. ನಮ್ಮವ್ವ, ಅತ್ತೆ, ಪುರೋಹಿತರು, ವಾಲಗದವರು ಎಲ್ಲರೂ ಯಾವನೋ ಒಬ್ಬ ಗಾಯಕನ ದನಿಗೆ ಬಾಯಾಡಿಸುತ್ತಿದ್ದರು.

ಕಳಸ ಕೈ ಬದಲಾಯಿಸುವ ಜಾಗ ಹುಡುಕಿದೆ. ಒಂದು ಶಾಟಿನಲ್ಲಿ ಅವ್ವ ಎಲೆಯಡಿಕೆ ಜಗಿಯುತ್ತ ನಿಂತಿದ್ದಾಳೆ, ಕಣ್ಣು ಕಳಸದ ಕಡೆಗಿದೆ. ಬಾಯಿ ತೆರೆಯುತ್ತಾಳೆ. ಏನೋ ಹೇಳುತ್ತಾಳೆ. ತಕ್ಷಣ ಕ್ಯಾಮೆರಾ ಚಪ್ಪರದ ಕಂಬಕ್ಕೆ ಸುತ್ತಿದ ಚೆಂಡುಹೂವಿನ ಮಾಲೆಯ ಕಡೆ ಹೋಗುತ್ತದೆ, ಅಲ್ಲೇ ಬಹಳ ಹೊತ್ತು ನಿಲ್ಲುತ್ತದೆ. ಅಷ್ಟು ನೋಡುವಂಥದ್ದು ಆ ಮಾಲೆಯಲ್ಲಿ ಏನೂ ಇಲ್ಲ. ಮಾಲೆಯ ನಂತರ ಧಾರೆ. ಕಳಸ ಚಿಕ್ಕಮ್ಮನ ಕೈಯಲ್ಲಿದೆ.

ಅವ್ವನ ಬಾಯಿಯ ತುಣುಕನ್ನು ಬೇರೆ ಮಾಡಿ ವೇಗ ಇಳಿಸಿದೆ. ತುಟಿ ಮೆಲ್ಲಗೆ ಕೂಡುತ್ತವೆ, ಬಿಡುತ್ತವೆ. ಅದಕ್ಕೆ ಸರಿಯಾಗಿ "ಮಡಿಲು ತುಂಬ್ದೆ ಇರೋಳ ಕೈಗೆ ಕಳಸ ಯಾಕೆ" ಅಂತ ನಾನೇ ಹೇಳಿ ನೋಡಿದೆ. ಕೂತಿತು. ಆಮೇಲೆ ಸಂಶಯ ಬಂದು ಅದೇ ತುಣುಕಿಗೆ "ಅನ್ನ ಬಸಿಯೋಕೆ ಯಾರ್ನಾರ ಕಳ್ಸು" ಅಂತ ಹೇಳಿ ನೋಡಿದೆ. ಅದೂ ಕೂತಿತು. ವೇಗ ಕಡಿಮೆ ಮಾಡಿದಷ್ಟೂ ಆ ಬಾಯಿ ಯಾವ ಮಾತನ್ನು ಕೊಟ್ಟರೂ ತೆಗೆದುಕೊಂಡಿತು.

ಮುಂದಿನ ವಾರ ಕಂಪ್ಯೂಟರನ್ನು ಊರಿಗೆ ಒಯ್ದು ಅವ್ವನಿಗೆ ತೋರಿಸಿದೆ. ಅವ್ವ ಅಣ್ಣನ ಸಂಸಾರದ ಜೊತೆ ಇದ್ದಾಳೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ, ಸತ್ತವರನ್ನೆಲ್ಲ ಗುರುತಿಸುತ್ತ ಖುಷಿಯಾಗಿ ನೋಡುತ್ತಿದ್ದಳು. ತನ್ನ ಬಾಯಿ ಬಂದ ಕೂಡಲೇ ಕೈ ನಿಂತಿತು.

"ಇದ್ನ ತೆಗೆದುಬುಡು."

"ಯಾಕವ್ವ?"

"ಬಾಯ್ತುಂಬ ಎಲೆಯಡ್ಕೆ ಹಾಕ್ಕಂಡು ಮಾತಾಡ್ತಾ ಇವ್ನಿ. ಎಮ್ಮೆ ಮೆಲುಕಾಕ್ದಂಗೆ. ಬೀಗ್ರು ಏನಂದ್ಕತ್ತಾರೆ?"

"ಏನು ಮಾತಾಡ್ತಾ ಇದ್ದೀಯ ಅಲ್ಲಿ?"

"ಯಾರಿಗ್ಗೊತ್ತು ಹೋಗು. ಅವತ್ತು ಏನೇನ್ ಮಾತಾಡಿದ್ನೋ."

"ತುಟಿ ಪಿಟಕ್ ಅನ್ನಲಿಲ್ಲ ಅಂತಿದ್ದೆ?"

"ಆ ಮಾತು ಅನ್ನಲಿಲ್ಲ ಅಂದೆ. ಬಾಯಿಗೆ ಬೀಗ ಹಾಕ್ಕಂಡಿದ್ದೆ ಅಂತ ಅಂದ್ನಾ?" ಎಂದು ಅವರೆಕಾಯಿಗೆ ಕೈ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ, ಇತ್ತ ನೋಡದೆ, "ತೆಗೆದೆ ತಾನೆ?" ಎಂದು ಕೇಳಿದಳು.

ಹೇಳದ ಮಾತಿಗೆ ಯಾರಾದರೂ ಇಷ್ಟು ಹೆದರುತ್ತಾರೆಯೇ? ಎಲೆಯಡಿಕೆ ತುಂಬಿದ ಬಾಯಿ ಬೀಗರಿಗೆ ಕಾಣಬಾರದು ಎಂಬ ನಾಚಿಕೆಯೂ ನಮ್ಮವ್ವನದೇ, ಅದನ್ನೂ ಬಲ್ಲೆ. ಯಾವುದನ್ನು ನಂಬಿದರೂ ಇನ್ನೊಂದು ಪಕ್ಕದಲ್ಲಿ ಬಂದು ಕೂರುತ್ತಿತ್ತು. ಅವಳ ಎದುರೇ ಹಿಡಿಯನ್ನು ಎಳೆದೆ. ಬಾಯಿ ತೆರೆಯುವ ಮುಂಚೆಯೇ ಕ್ಲಿಪ್ಪು ಮುಗಿಯಿತು. ಬೇರೆ ಹೆಸರಿನಲ್ಲಿ ಸೇವ್ ಮಾಡಿದೆ. ಈಗ ಅವ್ವ ಕಳಸವನ್ನು ಸುಮ್ಮನೆ ನೋಡುತ್ತ ನಿಂತ ಹೆಂಗಸು. ಕತ್ತರಿಸದ ಮೂಲ ನನ್ನಲ್ಲೇ ಇದೆ ಎಂದು ಅವಳಿಗೆ ಹೇಳಲಿಲ್ಲ.

ಹೀಗೆ ಕತ್ತರಿಸಿದ್ದರಿಂದಲೇ ಇನ್ನೊಂದು ಕಣ್ಣಿಗೆ ಬಿತ್ತು. ಅವ್ವನ ತುಣುಕು ತೀರ ಚಿಕ್ಕದಾಗಿ, ಮುಂದೆ ಸೇರಿಸಲು ಬೇರೊಂದು ಶಾಟು ಬೇಕಾಯಿತು. ವಿಡಿಯೊದ ಶುರುವಿನಲ್ಲಿ, ಅಕ್ಕ ಹಸೆಗೆ ಬರುವ ಕಡೆ, ಅತ್ತೆ ಹಸಿರು ಸೀರೆಯಲ್ಲಿ ಕಳಸ ಹಿಡಿದು ನೇರವಾಗಿ ಕ್ಯಾಮೆರಾ ನೋಡುವ ಒಂದು ಶಾಟಿದೆ. ಚೆಂದವಾಗಿದೆ. ಅದನ್ನು ದೊಡ್ಡದು ಮಾಡಿ ನೋಡಿದೆ. ಅತ್ತೆಯ ತಲೆಯ ಮೇಲೆ ಹಳದಿ ಚುಕ್ಕೆಗಳು. ಕ್ಯಾಸೆಟ್ಟಿನ ಕೊಳೆ ಅಂದುಕೊಂಡೆ. ಕೊಳೆಯಾದರೆ ಪರದೆಯ ಮೇಲೆ ನಿಂತಲ್ಲೇ ನಿಲ್ಲಬೇಕು. ಇವು ಅತ್ತೆ ತಲೆ ತಿರುಗಿಸಿದರೆ ಜೊತೆಗೇ ತಿರುಗುತ್ತಿದ್ದವು. ಅಕ್ಕನ ಕೂದಲಲ್ಲೂ, ಕಳಸದ ವೀಳ್ಯದೆಲೆಯ ಮೇಲೂ ಅವೇ.

ಅಕ್ಷತೆ. ಅರಿಶಿಣದ ಅಕ್ಕಿ. ಅದು ಬೀಳುವುದು ತಾಳಿ ಕಟ್ಟುವಾಗ. ಎಂದರೆ ವಿಡಿಯೊದಲ್ಲಿ ಮೊದಲು ಬರುವ ಈ ಶಾಟು ನಿಜವಾಗಿ ಧಾರೆಯ ನಂತರದ್ದು. ಕಳಸ ಕೈ ಬಿಟ್ಟ ಮೇಲೂ ಅತ್ತೆ ಚಪ್ಪರದಲ್ಲಿದ್ದಳು. ಕಳಸ ಮತ್ತೆ ಅವಳ ಕೈಗೆ ಬಂದಿತ್ತು. ಇಷ್ಟು ವರ್ಷ ಎರಡು ಮನೆಯವರೂ ಹೇಳಿಕೊಂಡು ಬಂದ ಎರಡು ಕಥೆಯಲ್ಲೂ ಇದು ಇಲ್ಲ.

ಖುಷಿಯಾಗಬೇಕಿತ್ತು, ಆಯಿತು ಕೂಡ. ಆದರೆ ಇಷ್ಟು ಸಲೀಸಾಗಿ ಬಗೆಹರಿಯುವುದು ನನಗೆ ಹಿಡಿಸುವುದಿಲ್ಲ. ಆ ವಿಡಿಯೊ ತೆಗೆದವರನ್ನು ಹುಡುಕಿದೆ. ಆಗ ಹುಣಸೂರಿನಲ್ಲಿ ಸ್ಟುಡಿಯೊ ಇಟ್ಟಿದ್ದವರು ಈಗ ಎಚ್.ಡಿ. ಕೋಟೆಯಲ್ಲಿ ಫ್ಲೆಕ್ಸ್ ಹೊಡೆಯುವ ಅಂಗಡಿ ಮಾಡಿದ್ದಾರೆ. ಬಸ್ ಹತ್ತಿ ಹೋದೆ. ಅಂಗಡಿಯ ತುಂಬ ಹುಟ್ಟುಹಬ್ಬದ ಶುಭಾಶಯ ಕೋರುವ ಮುಖಂಡರು ನೆಲದ ಮೇಲೆ ಒಣಗುತ್ತಿದ್ದರು. ಅವರ ಮೀಸೆ ತುಳಿಯದ ಹಾಗೆ ಹೆಜ್ಜೆ ಇಟ್ಟು ಒಳಗೆ ಕೂತೆ.

"ಯಾವ್ ಮದ್ವೆ ಅಂತ ಗ್ಯಾಪ್ಕ ಇಟ್ಕಳ್ಳನ ಮೇಡಂ? ಕಣ್ಣು ಮುಚ್ಚುದ್ರೆ ಬರೀ ಊಟದ ಎಲೇನೇ ಬತ್ತದೆ" ಎಂದರು.

"ಹಿಂದಿನ ಶಾಟು ಮುಂದೆ, ಮುಂದಿನದು ಹಿಂದೆ ಬರೋದು ಇತ್ತಾ?"

"ಮಿಕ್ಸಿಂಗಲ್ಲಿ ಶಾಸ್ತ್ರ ಎಂಗೆ ಬರ್ಬೇಕೋ ಅಂಗೆ ಜೋಡಿಸೋದು. ಯಾವಾಗ ತೆಗ್ದಿದ್ದು ಅಂತ ಯಾರ್ ಕೇಳ್ತಾರೆ?"

"ಜಗಳ ಆದ್ರೆ?"

"ಜಗಳ ಆಗ್ದಿರೋ ಮದ್ವೆ ನಾನು ನೋಡೇ ಇಲ್ಲ. ಜಗಳ ಎದ್ದೇಟ್ಗೆ ಕ್ಯಾಮೆರಾನ ಹೂವಿನ ಕಡೆ ತಿರುಗಿಸ್ಬುಡೋದು. ಇಲ್ದಿದ್ರೆ ಅವ್ರು ನಮ್ಮ ಮ್ಯಾಲೆ ತಿರುಗ್ತಾರೆ."

ಚೆಂಡುಹೂವಿನ ಮಾಲೆ. ನಾನು ಇನ್ನೊಂದು ಕೇಳಿದೆ. ಕಳಸಗಿತ್ತಿಯ ಶಾಟು ಸರಿಯಾಗಿ ಸಿಗದಿದ್ದರೆ ಏನು ಮಾಡುತ್ತಿದ್ದಿರಿ?

"ಬುಡ್ತಾರಾ? ಹೆಣ್ಣಿನ ಕಡೆಯೋರು ಜೀವ ತೆಗೀತಾರೆ. ಊಟ ಗೀಟ ಆದ್ಮೇಲೆ ಅವ್ರನ್ನೇ ಕರ್ದು, ಕಳಸ ಕೈಗೆ ಕೊಟ್ಟು, 'ಅಮ್ಮಾ ಸ್ವಲ್ಪ ನಗಿ' ಅಂತ ತೆಗ್ಯೋದು."

"ಊಟ ಆದ್ಮೇಲೆ?"

"ಮುಂಚೆನೂ ತೆಗೀತಿದ್ವಿ."

"ಹಾಗೆ ಮತ್ತೆ ಕರೆಯದೆ, ಇದ್ದದ್ದರಲ್ಲೇ ಬಿಟ್ಟದ್ದೂ ಉಂಟಾ?"

"ಅಂಗೂ ಮಾಡ್ತಿದ್ವಿ ಮೇಡಂ."

ನಾನು ಏನು ಕೇಳಿದರೂ ಅವರು ಹೌದು ಅನ್ನುತ್ತಿದ್ದಾರೆ ಎಂದು ಆಗ ಹೊಳೆಯಿತು. ಇದಕ್ಕಿಂತ ಹೆಚ್ಚು ಕೇಳಿದರೆ ತೆಂಗಿನಕಾಯಿ ಉರುಳಿದ್ದನ್ನೂ ನೋಡಿದೆ ಅನ್ನುತ್ತಾರೆ. ಆದರೂ ಅವರ ಆ ಒಂದು ಮಾತು ತಲೆಗೆ ಹೊಕ್ಕಿತು. ಅತ್ತೆಗೆ ಕಳಸ ವಾಪಸ್ ಕೊಟ್ಟದ್ದು ಮರ್ಯಾದೆಗೋ, ಬರೀ ಕ್ಯಾಮೆರಾಗೋ?

ಕೊಪ್ಪದ ಸರ್ಕಲ್ಲಿನಲ್ಲಿ ಬಸ್ಸಿಳಿದು, ಟಿಬೆಟಿನವರ ಸ್ವೆಟರ್ ಅಂಗಡಿಗಳನ್ನೂ ಮೊಮೊ ಗಾಡಿಗಳನ್ನೂ ದಾಟಿ ಆಟೊದಲ್ಲಿ ಅತ್ತೆಯ ಊರಿಗೆ ಹೋದಾಗ ಅವಳು ಅಂಗಳದಲ್ಲಿ ಮುಸುಕಿನ ಜೋಳ ಹರಡುತ್ತಿದ್ದಳು. ಪಕ್ಕದ ಹೊಲದಲ್ಲಿ ಮಲಯಾಳಿಗಳು ಗುತ್ತಿಗೆಗೆ ಹಾಕಿದ್ದ ಶುಂಠಿ ಕೀಳುತ್ತಿದ್ದರು, ಹಸಿ ಶುಂಠಿಯ ವಾಸನೆ ಊರಿಗೆಲ್ಲ ಹಬ್ಬಿತ್ತು. ನನ್ನನ್ನೂ ಬ್ಯಾಗನ್ನೂ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಏನಮ್ಮಿ, ಕಂಪೂಟ್ರು ಹೊತ್ಕಂಡು ಬಂದಿದ್ದೀಯ? ನಿಮ್ಮವ್ವ ಸಾಕ್ಷಿ ಕಳ್ಸವ್ಳಾ?"

"ಇಲ್ಲ ಅತ್ತೆ, ನಾನೇ ಬಂದೆ. ನೀವು ನೋಡ್ಬೇಕು ಅಂದ್ರಂತಲ್ಲ..."

"ನೀವು ಗೀವು ಎಲ್ಲಿಂದ ಬಂತು? ನನ್ನ ಸೊಂಟದ ಮ್ಯಾಲೆ ಕುಂತು ಉಚ್ಚೆ ಉಯ್ದೋಳು ನೀನು. ಬಾ, ನೆಳ್ಳಲ್ಲಿ ಕುಂತ್ಕ."

ನಾನು ಕತ್ತರಿಸದ ಮೂಲವನ್ನೇ ಹಾಕಿದೆ. ಅವ್ವನಿಗೆ ದ್ರೋಹ ಮಾಡಿದ ಹಾಗಾಯಿತೋ ಏನೋ. ಕತ್ತರಿಸಿದ್ದನ್ನು ತೋರಿಸಿದ್ದರೆ ಅತ್ತೆ ಕಂಡುಹಿಡಿಯದೆ ಬಿಡುತ್ತಿರಲಿಲ್ಲ, ಆಮೇಲೆ ಯಾರ ಮಾತೂ ನಡೆಯುತ್ತಿರಲಿಲ್ಲ. ಹಾಡು ಶುರುವಾಯಿತು. ಅತ್ತೆ ಸ್ವಲ್ಪ ಹೊತ್ತು ನೋಡಿದಳು.

"ಮಾತೆಲ್ಲಿ?"

"ಸ್ಟುಡಿಯೊದವರು ಹಾಡು ಹಾಕಿದ್ದಾರೆ."

"ಅವ್ರು ಹಾಕುದ್ರೋ, ನೀನು ಹಾಕುದ್ಯೋ?"

"ಅವರೇ ಅತ್ತೆ. ಆವತ್ತೇ."

"ತೆಗಿ ಹಾಡ್ನ. ಅಡೀಲಿ ಮಾತಿರ್ತದೆ."

"ಅಡೀಲಿ ಏನೂ ಇಲ್ಲ. ಅಳಿಸಿ ಹಾಕಿರ್ತಾರೆ."

"ಗ್ವಾಡೆಗೆ ಸುಣ್ಣ ಬಳುದ್ರೆ ಅಡೀಲಿ ಗ್ವಾಡೆ ಇರಕಿಲ್ವೇನಮ್ಮಿ? ತೆಗಿ ನೋಡ್ವ."

ಸದ್ದು ತೆಗೆದೆ. ಅತ್ತೆ ಕಂಪ್ಯೂಟರಿಗೆ ಕಿವಿ ಹತ್ತಿರ ತಂದು ಕೂತಳು. ಆಚೆ ಹೊಲದ ಗುದ್ದಲಿ ಸದ್ದು ಮಾತ್ರ ಕೇಳುತ್ತಿತ್ತು. ಪರದೆಯ ಮೇಲೆ ಅವ್ವ ಬಾಯಿ ತೆರೆದಳು.

"ಹಾ, ನೋಡು! ಅಂತಾ ಇಲ್ವಾ? ಬಾಯಿ ನೋಡು. ಇನ್ನೇನು ಬೇಕು ನಿಂಗೆ?"

ನನಗೂ ಆ ಕ್ಷಣ ಹಾಗೆಯೇ ಕಂಡಿತು. ಅತ್ತೆಯ ಪಕ್ಕ ಕೂತಾಗ ಅತ್ತೆಯ ಮಾತು ಕೂರುತ್ತದೆ. ನಾನು ಅಕ್ಷತೆಯ ಶಾಟು ತೆಗೆದು, ಅಲ್ಲಿಗೆ ನಿಲ್ಲಿಸಿ, ದೊಡ್ಡದು ಮಾಡಿದೆ.

"ಇದೇನು ನೋಡು, ನಿನ್ನ ತಲೆ ಮೇಲೆ."

"ಹೂವಿನ ಎಸಳು."

ಇನ್ನೂ ದೊಡ್ಡದು ಮಾಡಿದೆ. ಅತ್ತೆ ಸೆರಗಿನಿಂದ ಪರದೆ ಒರೆಸಿದಳು. ಅಕ್ಕಿಕಾಳು ಹೋಗಲಿಲ್ಲ. ಧಾರೆಯ ಶಾಟನ್ನೂ ಪಕ್ಕದಲ್ಲಿಟ್ಟು ತೋರಿಸಿದೆ. ಕಳಸ ಚಿಕ್ಕಮ್ಮನ ಕೈಯಲ್ಲಿದೆ, ಅಕ್ಷತೆ ಆಗ ಬೀಳುತ್ತಿದೆ. ಆಮೇಲೆ ಇದು.

"ನೀನೇ ಸೇರ್ಸಿದೀಯ ಇದ್ನ. ಈಗೆಲ್ಲ ಸತ್ತೋರ್ನೂ ಕುಣಿಸ್ತಾರಂತೆ ಪೋನಲ್ಲಿ."

"ನಾನ್ಯಾಕೆ ಸೇರ್ಸಲಿ ಅತ್ತೆ?"

ನಿಂತ ಚಿತ್ರದಲ್ಲಿ ಅವಳು ಹಲ್ಲು ಕಾಣುವ ಹಾಗೆ ನಗುತ್ತಿದ್ದಳು, ಈಗಿನ ನನಗಿಂತ ಚಿಕ್ಕವಳು. ಆ ನಗುವಿನ ಮೇಲೆ ಬೆರಳಿಟ್ಟು ಕೇಳಿದಳು: "ಅಂಗಾದ್ರೆ ಯಾರು ಕರುದ್ರು ನನ್ನ ವಾಪಸ್ಸು?"

ಊಟ ಆದ ಮೇಲೆ ಕರೆದು ಕಳಸ ಕೊಟ್ಟು ತೆಗೆಯುತ್ತಿದ್ದರಂತೆ ಎಂದು ಎಚ್.ಡಿ. ಕೋಟೆಯ ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದೆ. ಹೇಳಬಾರದಿತ್ತೇನೋ. ಅವಳ ಮುಖಕ್ಕೆ ಜೀವ ಬಂತು. "ಸರಿಹೋಯ್ತು. ಕ್ಯಾಮೆರಾದೋನು ಕರ್ದ. ನಿಮ್ಮವ್ವ ಕರೀನಿಲ್ಲ." ಎದ್ದು ಹೋಗಿ ಜೋಳವನ್ನು ಕಾಲಿನಿಂದ ಒಮ್ಮೆ ಕೆದರಿ ಬಂದಳು. ಮತ್ತೆ ಕೂತವಳ ದನಿ ಇಳಿದಿತ್ತು.

"ಅಲ್ಲ, ಅಂಗಾದ್ರೆ ನಾನು ಉಂಡ್ನಾ ಅವತ್ತು?"

ಇದನ್ನು ಅವಳು ಕೇಳುತ್ತಾಳೆ ಎಂದು ನಾನು ಎಣಿಸಿರಲಿಲ್ಲ. ಉಣ್ಣದೆ ಬಂದೆ ಎಂದು ಗಂಡನಿಗೆ ಹೇಳಿದ್ದಾಳೆ, ಆಮೇಲೆ ಹುಟ್ಟಿದ ಮಗನಿಗೆ ಹೇಳಿದ್ದಾಳೆ, ಸೊಸೆ ಬಂದ ಮೊದಲ ವಾರವೇ ಅವಳಿಗೂ ಹೇಳಿದ್ದಾಳೆ. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಹಸಿವು ತಾಳಲಾರದೆ ಬನ್ನು ತಿಂದದ್ದು, ಗಂಟಲಿಗೆ ಸಿಕ್ಕಿಕೊಂಡು ನೀರಿಗೆ ಒದ್ದಾಡಿದ್ದು ಅವಳಿಗೆ ಸರಿಯಾಗಿ ನೆನಪಿದೆ. "ಬನ್ನಿನ ಮ್ಯಾಲೆ ಕೆಂಪು ಹಣ್ಣು ಇತ್ತು ಕಣಮ್ಮಿ" ಎಂದಳು. ನನಗೆ ತೆಂಗಿನಕಾಯಿಯ ಸದ್ದು ಕೇಳಿಸಿತು.

"ಊಟದ್ದು ಹಾಕು."

ಊಟದ ಸಾಲು ಹಾಕಿದೆ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಸಾಲಿನ ಕೊನೆಯಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳ ಬೆನ್ನು, ಎಲೆಯ ಮೇಲೆ ಬಾಗಿದ ತಲೆ. ಮುಖ ಕಾಣುವುದಿಲ್ಲ. ಅವಳ ಎಲೆಗೆ ಯಾರೋ ಬೂಂದಿ ಹಾಕುತ್ತಾರೆ, ಹಾಕುವ ಕೈ ಮಾತ್ರ ಕಾಣುತ್ತದೆ. ಅತ್ತೆ ಅದನ್ನು ಮತ್ತೆ ಹಾಕಿಸಿದಳು. ಮತ್ತೆ. ಬೆನ್ನನ್ನು ಯಾರು ತಾನೇ ಗುರುತು ಹಿಡಿಯುತ್ತಾರೆ, ಅದೂ ತನ್ನ ಬೆನ್ನನ್ನು!

"ಇದು ನಾನಲ್ಲ" ಎಂದಳು.

"ಇರಬಹುದು."

"ಅಲ್ಲ ಅಂದ್ನಲ್ಲ. ಆದ್ರೂ ಇದ್ನ ತೆಗೆದುಬುಡು. ಜನ ನೋಡೋ ಕಡೆ ಇದು ಬರ್ಬಾರ್ದು."

"ಆಯ್ತು."

"ನಿಮ್ಮವ್ವನ ಬಾಯೂ ತೆಗಿ."

ಇದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತಿಗೆಯ ಮೇಲಿನ ಕರುಣೆ ಇರಬಹುದು. ಅಥವಾ ಆ ಬಾಯಿಯಲ್ಲಿ ಬೇರೆ ಯಾರಾದರೂ ಬೇರೆ ಮಾತು ಓದಿಬಿಟ್ಟಾರು ಎಂಬ ಭಯ. ಕೇಳಿದ್ದರೆ ಹೇಳುತ್ತಿರಲಿಲ್ಲ. "ಮದುವೆಗೆ ಬರ್ತೀಯಾ?" ಎಂದಷ್ಟೇ ಕೇಳಿದೆ. "ನೋಡನ ಬುಡು" ಎಂದು ಕಾಫಿ ತರಲು ಸೊಸೆಗೆ ಕೂಗಿದಳು. ನಾನು ಕುಡಿದೆ. ಕುಡಿಯುತ್ತೇನೋ ಇಲ್ಲವೋ ಎಂದು ಅವಳು ಲೋಟವನ್ನೇ ನೋಡುತ್ತಿದ್ದಳು.

ಇಬ್ಬರೂ ಹೇಳಿದ್ದನ್ನು ಮಾಡಿದೆ. ಊಟದ ಸಾಲನ್ನು ಹಸಿರು ಸೀರೆಗೆ ಮುಂಚೆ ನಿಲ್ಲಿಸಿದೆ, ಅವ್ವನನ್ನು ಬಾಯಿಗೆ ಮುಂಚೆ. ಎಲ್ಲ ಸೇರಿಸಿ ಸೇವ್ ಮಾಡಿದಾಗ ಯಾರೂ ಏನೂ ಅನ್ನದ, ಯಾರೂ ಸಿಟ್ಟಾಗದ, ಎಲ್ಲರೂ ನಗುವ ಒಂದು ಮದುವೆ ಉಳಿಯಿತು. ಆರತಕ್ಷತೆಯಲ್ಲಿ ಅದು ಪರದೆಯ ಮೇಲೆ ಓಡಿತು, ಜನ ಐಸ್‌ಕ್ರೀಮಿನ ಕಡೆ ಓಡಿದರು. ಅವ್ವ ಮಾತ್ರ ಪೂರ್ತಿ ನೋಡಿ "ಚೆನ್ನಾಗದೆ" ಎಂದಳು. ಅತ್ತೆ ಅಂದು ಬರಲಿಲ್ಲ.

ಮಾರನೆಯ ದಿನ ಮುಹೂರ್ತಕ್ಕೆ ಬಂದಳು. ಈ ಹೆಣ್ಣಿನ ಸೋದರತ್ತೆ ಹೊಸ ಅಗ್ರಹಾರದವಳು, ಹಾಗಾಗಿ ಕಳಸ ಅವಳ ಕೈಯಲ್ಲಿತ್ತು. ಅತ್ತೆ ಹಿಂದಿನ ಕುರ್ಚಿಯಲ್ಲಿ ಕೂತು ಅಕ್ಷತೆ ತನ್ನ ತಲೆಯ ಮೇಲೆ ಬೀಳದ ಹಾಗೆ ಸೆರಗು ಹೊದ್ದುಕೊಂಡಳು, ಅಥವಾ ಫ್ಯಾನಿನ ಗಾಳಿಗೆ ಹೊದ್ದುಕೊಂಡಳು. ಅವ್ವ ದೂರದಿಂದಲೇ ನೋಡಿದಳು, ಹತ್ತಿರ ಹೋಗಲಿಲ್ಲ. ಮಂಟಪದ ಅನ್ನ ಅತ್ತೆ ಮುಟ್ಟುತ್ತಾಳೋ ಇಲ್ಲವೋ ಎಂದು ಅಕ್ಕ ನನ್ನ ಕೈ ಹಿಡಿದು ನಿಂತಿದ್ದಳು.

ಅತ್ತೆ ಊಟದ ಸಾಲಿನಲ್ಲಿ ಕೂತಳು. ಎಲೆ ಬಿತ್ತು, ಉಪ್ಪು ಬಿತ್ತು, ಅನ್ನ ಬಿತ್ತು. ಅವಳು ಕೈ ಹಾಕಲಿಲ್ಲ. ವಿಡಿಯೊದವನು ಸಾಲಿನ ಆ ತುದಿಯಿಂದ ಬರುತ್ತಿದ್ದ. ಅವನು ಹತ್ತಿರ ಬಂದ ಮೇಲೆ ಅತ್ತೆ ಕೈ ಬೀಸಿ ಕರೆದಳು.

"ಬಾಪ್ಪ ಇಲ್ಲಿ. ಮಖ ಬೀಳಂಗೆ ತಗೊ. ಎಲೆನೂ ಬರ್ಲಿ. ನಾನು ಉಣ್ಣೋದು ಚೆನ್ನಾಗಿ ಕಾಣ್ಬೇಕು. ಆಮ್ಯಾಕೆ ಯಾರೂ ಅಂಗಲ್ಲ ಇಂಗೆ ಅನ್ಬಾರ್ದು."

ಸಾಲೆಲ್ಲ ನಕ್ಕಿತು. ಅತ್ತೆ ನಗದೆ ಕ್ಯಾಮೆರಾ ನೋಡುತ್ತ ತುತ್ತು ಎತ್ತಿ ಬಾಯಿಗಿಟ್ಟಳು. ಅಷ್ಟರಲ್ಲಿ ಅವ್ವ, ಯಾರ ಕೈಯಿಂದ ಕಿತ್ತುಕೊಂಡಳೋ, ಪಾಯಸದ ಬಕೆಟ್ಟು ಹಿಡಿದು ಅಲ್ಲಿಗೆ ಬಂದಳು. ಬಗ್ಗಿದಳು. ಎಲೆಗೆ ಪಾಯಸ ಹಾಕುತ್ತ ಅತ್ತೆಯ ಕಿವಿಯ ಹತ್ತಿರ ಏನೋ ಹೇಳಿದಳು. ನಾನು ಎದುರು ಸಾಲಿನಲ್ಲಿದ್ದೆ, ಬಾಯಾಡಿದ್ದು ಕಾಣಿಸಿತು, ಮಾತು ಕೇಳಿಸಲಿಲ್ಲ.

ಸಂಜೆ ಅವ್ವನನ್ನು ಕೇಳಿದೆ. "ಪಾಯ್ಸ ಇನ್ನೊಂಚೂರು ಹಾಕ್ಲಾ ಅಂದೆ." ಹೊರಡುವಾಗ ಅತ್ತೆಯನ್ನು ಕೇಳಿದೆ. "ಏನೂ ಅನ್ನಲಿಲ್ವಲ್ಲ."

ವಿಡಿಯೊದವನ ಹತ್ತಿರ ಹೋಗಿ ಆ ತುಣುಕನ್ನು ಸದ್ದಿನ ಸಮೇತ ಕೊಡು ಎಂದೆ. "ಊಟದ್ದಕ್ಕೆ ಹಾಡು ಹಾಕ್ತೀವಿ ಮೇಡಂ, ಬರೀ ಪಾತ್ರೆ ಸದ್ದಿರ್ತದೆ" ಎಂದ. ಕಾಡಿಸಿ ಮೂಲವನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಮನೆಗೆ ಬಂದು ಕೇಳಿದೆ. ಅವ್ವ ಬಗ್ಗುತ್ತಾಳೆ, ಬಾಯಿ ತೆರೆಯುತ್ತಾಳೆ, ಸರಿಯಾಗಿ ಅದೇ ಹೊತ್ತಿಗೆ ಬಡಿಸುವವನೊಬ್ಬ "ಸಾಂಬಾರ್ ಸಾಂಬಾರ್" ಎಂದು ಕೂಗುತ್ತ ಹಾದುಹೋಗುತ್ತಾನೆ. ಅವನ ದನಿಯನ್ನು ಇಳಿಸಿದರೆ ಅವ್ವನದೂ ಇಳಿಯುತ್ತದೆ.

ತಾನು ಉಂಡದ್ದು ಬೇಕೆಂದು ಅತ್ತೆ ಹೊರಡುವಾಗ ಹೇಳಿದ್ದಳೆಂದು ಆ ತುಣುಕನ್ನು ಅವಳ ಮಗನ ಫೋನಿಗೆ ಕಳಿಸಿದೆ. ಎರಡು ತುದಿಯನ್ನೂ ಮುಟ್ಟದೆ, ಬಂದದ್ದು ಬಂದ ಹಾಗೆ. ಅವತ್ತೇ ಅತ್ತೆಯ ಫೋನು ಬಂತು.

"ಇಷ್ಟೇನಾ? ನಾನು ಪಾಯ್ಸ ಉಂಡಿದ್ದು ಎಲ್ಲಿ? ನಿಮ್ಮವ್ವ ಬಗ್ಗಿದ್ದು ಬಂತು, ಮುಂದಿಂದು ಇಲ್ವೇ ಇಲ್ಲ."

"ಅಷ್ಟೇ ಅತ್ತೆ. ಅವನು ಅಲ್ಲಿಂದ ಪಕ್ಕದ ಎಲೆಗೆ ಹೋಗಿದ್ದಾನೆ."

"ನೀನು ಕಟ್ ಮಾಡಿದೀಯ."

"ಇಲ್ಲ ಅತ್ತೆ, ಆಣೆಗೂ ಇಲ್ಲ."

"ನಿಮ್ಮನೆ ಆಣೆ ಯಾರಿಗ್ ಬೇಕು? ಪೂರ್ತಿದು ನಿಮ್ಮವ್ವನ ತಾವ ಇರ್ತದೆ. ಬೇಸ್ತವಾರ ಬತ್ತೀನಿ, ನಿಮ್ಮವ್ವನ ಮನೇಲೇ ಕುಂತು ನೋಡ್ತೀನಿ. ಕಂಪೂಟ್ರು ತಗಂಡು ಬಂದಿರು. ನಿಮ್ಮವ್ವಂಗೂ ಯೋಳು, ಎಲ್ಲೂ ಎದ್ದೋಗ್ಬ್ಯಾಡ ಅಂತ."

ಅವ್ವನಿಗೆ ಹೇಳಿದೆ. ಅವಳು "ಯಾವ ಬೇಸ್ತವಾರ?" ಎಂದು ಕೇಳಿದಳು.